ಪ್ರಾಸ್ಟೇಟ್ ಬಯಾಪ್ಸಿಗೆ ಎಂ.ಆರ್.ಐ. ಮಾರ್ಗದರ್ಶನ: ಸಾರ್ವಜನಿಕರಿಗೆ ಮಾಹಿತಿ

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರಬಹುದೆಂಬ ಸಂಶಯ ಬಂದಾಗ, ಗ್ರಂಥಿಯ ಸಣ್ಣ ತುಣುಕುಗಳನ್ನು ಸೂಜಿಯ ಮೂಲಕ ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಲಾಗುತ್ತದೆ. ಈ ಪರೀಕ್ಷೆಗೆ ಬಯಾಪ್ಸಿ ಎಂದು ಹೆಸರು. ಬಯಾಪ್ಸಿಗೆ ಮೊದಲು ಎಂ.ಆರ್.ಐ. ಸ್ಕ್ಯಾನ್ ಮಾಡಿ, ಅದರಲ್ಲಿ ಕಂಡುಬಂದ ಸಂಶಯಾಸ್ಪದ ಜಾಗಕ್ಕೆ ಸೂಜಿಯನ್ನು ಗುರಿಯಿಡುವ ವಿಧಾನವು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಳಕೆಗೆ ಬಂದಿದೆ. ಸದರಿ ಸೇವೆಯನ್ನು ಕೋರುವ ರೋಗಿಗಳು ಹಾಗೂ ಅವರ ಕುಟುಂಬದವರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಗಳ ಅನುಕ್ರಮ. ಸ್ಕ್ಯಾನ್ ಮೊದಲು ಆಗಬೇಕು, ಸೂಜಿ ನಂತರ ಬರಬೇಕು.

ಗ್ರಂಥಿ ಮತ್ತು ಪಿ.ಎಸ್.ಎ. ರಕ್ತಪರೀಕ್ಷೆ

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಇದು ಮೂತ್ರಕೋಶದ ಕೆಳಗೆ, ಗುದನಾಳದ ಮುಂಭಾಗದಲ್ಲಿ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದಿರುತ್ತದೆ. ವಯಸ್ಸಾದಂತೆ ಬಹುಪಾಲು ಪುರುಷರಲ್ಲಿ ಈ ಗ್ರಂಥಿ ಹಿಗ್ಗುತ್ತದೆ. ಮೂತ್ರದ ಧಾರೆ ಸಣ್ಣದಾಗುವುದು, ರಾತ್ರಿ ಪದೇ ಪದೇ ಏಳಬೇಕಾಗುವುದು ಮೊದಲಾದ ತೊಂದರೆಗಳಿಗೆ ಸಾಮಾನ್ಯವಾಗಿ ಈ ಹಿಗ್ಗುವಿಕೆಯೇ ಕಾರಣ. ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. ಇನ್ನೊಂದೆಡೆ, ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಬಹಳಷ್ಟು ಸಲ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಪಿ.ಎಸ್.ಎ. ಎಂಬುದು ಈ ಗ್ರಂಥಿಯು ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿ ಇದರ ಪ್ರಮಾಣವು ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ ಮೀರಿದರೆ ಮುಂದಿನ ತಪಾಸಣೆ ಬೇಕೆಂದು ಬಹುಕಾಲದಿಂದ ಪರಿಗಣಿಸಲಾಗುತ್ತಿದೆ. ಆದರೆ ಈ ಪ್ರೋಟೀನು ಗ್ರಂಥಿಯ ಗುರುತೇ ಹೊರತು ಕ್ಯಾನ್ಸರಿನ ಗುರುತಲ್ಲ. ಗ್ರಂಥಿ ಹಿಗ್ಗಿದ್ದರೆ, ಮೂತ್ರದ ಸೋಂಕು ತಗುಲಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ ಅಥವಾ ಇತ್ತೀಚೆಗೆ ಕ್ಯಾಥೆಟರ್ ಹಾಕಿದ್ದರೆ ಕೂಡ ಇದರ ಪ್ರಮಾಣ ಏರುತ್ತದೆ. ಆದಕಾರಣ ತಪಾಸಣಾ ಶಿಬಿರದ ಒಂದೇ ಒಂದು ಚೀಟಿಯ ಆಧಾರದ ಮೇಲೆ ನೇರವಾಗಿ ಸೂಜಿ ಪರೀಕ್ಷೆಗೆ ಹೋಗುವುದು ಸೂಕ್ತವಲ್ಲ. ಸೋಂಕಿದ್ದಲ್ಲಿ ಅದು ವಾಸಿಯಾಗಿ ಕೆಲವು ವಾರಗಳಾದ ಮೇಲೆ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಅದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಗ್ರಂಥಿ ಹಿಗ್ಗುವಿಕೆಗೆಂದು ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸಿದವರಲ್ಲಿ ಪಿ.ಎಸ್.ಎ. ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂಥವರ ವರದಿಯಲ್ಲಿ 3 ಎಂದು ಬಂದಿದ್ದರೆ ಅದನ್ನು 6 ಎಂದು ಎಣಿಸಬೇಕಾಗುತ್ತದೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತಪ್ಪದೆ ತೋರಿಸತಕ್ಕದ್ದು.

ಹಿಂದಿನ ವಿಧಾನ ಮತ್ತು ಅದರ ಮಿತಿ

1980ರ ದಶಕದ ಕೊನೆಯಿಂದ ಪ್ರಾಸ್ಟೇಟ್ ಬಯಾಪ್ಸಿಯನ್ನು ಅಲ್ಟ್ರಾಸೌಂಡ್ ನೆರವಿನಿಂದ ಮಾಡಲಾಗುತ್ತಿತ್ತು. ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಕಡ್ಡಿಯನ್ನು ಇರಿಸಿ, ಗ್ರಂಥಿಯ ಬೇರೆ ಬೇರೆ ಭಾಗಗಳಿಂದ ಮೊದಲು ಆರು, ಮುಂದೆ ಹತ್ತರಿಂದ ಹನ್ನೆರಡು ತುಣುಕುಗಳನ್ನು ಕ್ರಮವಾಗಿ ತೆಗೆಯುವುದು ರೂಢಿಗೆ ಬಂದಿತು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯ ಆಕಾರ ಚೆನ್ನಾಗಿ ಕಾಣುತ್ತದೆ. ಅದರೊಳಗಿನ ಗಡ್ಡೆ ಬಹಳಷ್ಟು ಸಲ ಕಾಣುವುದಿಲ್ಲ. ಹೀಗಾಗಿ ಸೂಜಿಯು ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಗ್ರಂಥಿಯನ್ನು ಚೌಕಗಳಾಗಿ ಹಂಚಿಕೊಂಡು ಅಲ್ಲಲ್ಲಿ ಚುಚ್ಚುತ್ತಿತ್ತು. ಹನ್ನೆರಡು ತುಣುಕುಗಳನ್ನು ಒಟ್ಟುಗೂಡಿಸಿದರೂ ಅವು ಇಡೀ ಗ್ರಂಥಿಯ ಶೇ. 1ಕ್ಕಿಂತಲೂ ಕಡಿಮೆ. ಹೊಲದ ನಾಲ್ಕು ಮೂಲೆಯ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದಾಗ ನಡುವಿನ ಚವುಳು ತಪ್ಪಿಹೋಗುವಂತೆಯೇ ಇಲ್ಲಿಯೂ ಆಗಬಹುದು.

ಇದರಿಂದ ಎರಡು ಬಗೆಯ ಹಾನಿ ಸಂಭವಿಸುತ್ತಿತ್ತು. ಒಂದು, ಅಪಾಯಕಾರಿ ಗಡ್ಡೆ, ಅದರಲ್ಲಿಯೂ ಗ್ರಂಥಿಯ ಮುಂಭಾಗದಲ್ಲಿರುವ ಗಡ್ಡೆ, ಸೂಜಿಗೆ ಸಿಗದೆ ಉಳಿದು, ಕ್ಯಾನ್ಸರ್ ಇಲ್ಲವೆಂಬ ವರದಿಯೊಡನೆ ರೋಗಿ ಮನೆಗೆ ಮರಳುವುದು. ಇನ್ನೊಂದು, ಜೀವಮಾನದಲ್ಲಿ ಎಂದೂ ತೊಂದರೆ ಕೊಡದಂತಹ ಸಣ್ಣ, ನಿಧಾನಗತಿಯ ಗಡ್ಡೆ ಆಕಸ್ಮಿಕವಾಗಿ ಸಿಕ್ಕಿ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ನಡೆದು, ಮೂತ್ರ ಹಿಡಿತ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು ಮುಂತಾದ ಪರಿಣಾಮಗಳನ್ನು ರೋಗಿ ಅನುಭವಿಸುವುದು. ಎರಡನೆಯ ಹಾನಿಯನ್ನು ಕುಟುಂಬದವರು ಹಾನಿಯೆಂದು ಗುರುತಿಸುವುದೇ ಅಪರೂಪ. ಕ್ಯಾನ್ಸರ್ ಬೇಗ ಸಿಕ್ಕಿತೆಂಬ ಸಮಾಧಾನವೇ ಮುಂದಿರುತ್ತದೆ.

ಎಂ.ಆರ್.ಐ. ತೋರಿಸುವುದೇನು

ಎಂ.ಆರ್.ಐ. ಯಂತ್ರವು ಬಲವಾದ ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳಿಂದ ದೇಹದೊಳಗಿನ ಚಿತ್ರವನ್ನು ರೂಪಿಸುತ್ತದೆ. ಇದರಲ್ಲಿ ಎಕ್ಸ್-ರೇ ವಿಕಿರಣ ಇರುವುದಿಲ್ಲ. ಪ್ರಾಸ್ಟೇಟ್ ಪರೀಕ್ಷೆಗೆ 1.5 ಅಥವಾ 3 ಟೆಸ್ಲಾ ಸಾಮರ್ಥ್ಯದ ಯಂತ್ರವನ್ನು ಬಳಸಲಾಗುತ್ತದೆ. ಒಂದೇ ಸಲಕ್ಕೆ ಹಲವು ಬಗೆಯ ಚಿತ್ರಗಳನ್ನು ತೆಗೆಯುವುದು ಈ ಪರೀಕ್ಷೆಯ ವೈಶಿಷ್ಟ್ಯ. ಮೊದಲ ಬಗೆಯ ಚಿತ್ರದಲ್ಲಿ ಗ್ರಂಥಿಯ ರಚನೆ ಸ್ಪಷ್ಟವಾಗುತ್ತದೆ. ಎರಡನೆಯದು ಅಂಗಾಂಶದೊಳಗೆ ನೀರಿನ ಕಣಗಳ ಚಲನೆಯನ್ನು ಅಳೆಯುತ್ತದೆ. ಆರೋಗ್ಯವಂತ ಗ್ರಂಥಿಯಲ್ಲಿ ನೀರಿನ ಕಣಗಳು ಸಲೀಸಾಗಿ ಓಡಾಡುತ್ತವೆ; ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಕಿಕ್ಕಿರಿದ ಕಡೆ ಅವುಗಳಿಗೆ ಜಾಗವಿರುವುದಿಲ್ಲ. ಈ ವ್ಯತ್ಯಾಸವೇ ಗಡ್ಡೆಯ ಸುಳಿವು. ಮೂರನೆಯ ಬಗೆಗೆ ರಕ್ತನಾಳದ ಮೂಲಕ ಗ್ಯಾಡೋಲಿನಿಯಂ ಎಂಬ ದ್ರಾವಣವನ್ನು ನೀಡಿ, ಅದು ಯಾವ ಭಾಗಕ್ಕೆ ಬೇಗ ಹರಿಯುತ್ತದೆಂಬುದನ್ನು ನೋಡಲಾಗುತ್ತದೆ. 2025ರಲ್ಲಿ ಪ್ರಕಟವಾದ ಪ್ರೈಮ್ ಎಂಬ ಅಂತರರಾಷ್ಟ್ರೀಯ ಅಧ್ಯಯನವು, ಚಿತ್ರದ ಗುಣಮಟ್ಟ ಉತ್ತಮವಾಗಿದ್ದಲ್ಲಿ ದ್ರಾವಣವಿಲ್ಲದ ಚಿಕ್ಕ ಸ್ಕ್ಯಾನ್ ಕೂಡ ಅಪಾಯಕಾರಿ ಕ್ಯಾನ್ಸರನ್ನು ಗುರುತಿಸುವಲ್ಲಿ ಪೂರ್ಣ ಸ್ಕ್ಯಾನಿಗೆ ಕಡಿಮೆಯಿಲ್ಲವೆಂದು ತೋರಿಸಿದೆ. ಸಮಯ ಮತ್ತು ವೆಚ್ಚಗಳೆರಡೂ ಇಳಿಯುವುದರಿಂದ, ಸ್ಕ್ಯಾನ್ ಯಂತ್ರಗಳು ಕಡಿಮೆಯಿದ್ದು ಸರದಿ ದೊಡ್ಡದಿರುವ ಆಸ್ಪತ್ರೆಗಳಿಗೆ ಇದು ಗಮನಾರ್ಹ ಸಂಗತಿ.

ಚಿತ್ರಗಳನ್ನು ರೇಡಿಯಾಲಜಿ ತಜ್ಞರು ಓದಿ, ಪೈ-ರ‍್ಯಾಡ್ಸ್ ಎಂಬ ಪದ್ಧತಿಯಂತೆ 1ರಿಂದ 5ರವರೆಗೆ ಅಂಕ ನೀಡುತ್ತಾರೆ. ಈ ಪದ್ಧತಿಯು 2012ರಲ್ಲಿ ಯೂರೋಪಿನಲ್ಲಿ ಮೊದಲು ರೂಪುಗೊಂಡು, 2019ರಲ್ಲಿ ಪರಿಷ್ಕರಣೆಗೊಂಡಿದೆ. ಅಂಕ 1 ಅಥವಾ 2 ಎಂದರೆ ಅಪಾಯಕಾರಿ ಕ್ಯಾನ್ಸರಿನ ಸಂಭವ ಕಡಿಮೆ. 4 ಅಥವಾ 5 ಎಂದರೆ ಸಂಭವ ಹೆಚ್ಚು; ಬಯಾಪ್ಸಿ ಬೇಕಾಗುತ್ತದೆ. 3 ಎಂಬುದು ಅನಿಶ್ಚಿತ. ಈ ಅಂಕವು ಸಂಶಯದ ಮಟ್ಟವನ್ನು ಸೂಚಿಸುತ್ತದೆಯೇ ಹೊರತು ಕ್ಯಾನ್ಸರಿನ ಹಂತವನ್ನಲ್ಲ. ವರದಿಯಲ್ಲಿ 4 ಎಂದು ಕಂಡೊಡನೆ ನಾಲ್ಕನೆಯ ಹಂತದ ಕ್ಯಾನ್ಸರ್ ಎಂದು ಭಾವಿಸಿ ಎದೆಗುಂದುವವರಿದ್ದಾರೆ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ.

ಗ್ರಂಥಿಯ ಉರಿಯೂತವೂ ಸ್ಕ್ಯಾನಿನಲ್ಲಿ ಗಡ್ಡೆಯಂತೆಯೇ ಕಾಣಬಹುದು. ಕ್ಷಯರೋಗದಿಂದ ಅಥವಾ ಮೂತ್ರಕೋಶಕ್ಕೆ ಬಿ.ಸಿ.ಜಿ. ಔಷಧ ಹಾಕಿಸಿಕೊಂಡದ್ದರಿಂದ ಪ್ರಾಸ್ಟೇಟಿನಲ್ಲಿ ಉಂಟಾಗುವ ಗಂಟುಗಳು 5 ಅಂಕ ಪಡೆದ ಪ್ರಸಂಗಗಳೂ ವರದಿಯಾಗಿವೆ. ಕ್ಷಯರೋಗದ ಚಿಕಿತ್ಸೆ ಪಡೆದವರು ಅದನ್ನು ಮುಚ್ಚಿಡದೆ ತಿಳಿಸತಕ್ಕದ್ದು. ಸ್ಕ್ಯಾನ್ ಎಷ್ಟೇ ಸ್ಪಷ್ಟವಾಗಿದ್ದರೂ ಕ್ಯಾನ್ಸರನ್ನು ಖಚಿತಪಡಿಸುವುದು ತುಣುಕಿನ ಪರೀಕ್ಷೆಯೇ.

ಅಧ್ಯಯನಗಳು ತಿಳಿಸಿರುವುದು

ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ 576 ಪುರುಷರಿಗೆ ಎಂ.ಆರ್.ಐ., ಹಳೆಯ ರೀತಿಯ ಬಯಾಪ್ಸಿ ಹಾಗೂ ಗ್ರಂಥಿಯುದ್ದಕ್ಕೂ 5 ಮಿಲಿಮೀಟರ್ ಅಂತರದಲ್ಲಿ ತುಣುಕು ತೆಗೆಯುವ ವಿಸ್ತೃತ ಬಯಾಪ್ಸಿ ಈ ಮೂರನ್ನೂ ಮಾಡಲಾಯಿತು. ವಿಸ್ತೃತ ಬಯಾಪ್ಸಿಯಲ್ಲಿ ಸಿಕ್ಕ ಅಪಾಯಕಾರಿ ಕ್ಯಾನ್ಸರುಗಳ ಪೈಕಿ ಎಂ.ಆರ್.ಐ. ಶೇ. 93ನ್ನು ಗುರುತಿಸಿತ್ತು; ಹಳೆಯ ಬಯಾಪ್ಸಿ ಗುರುತಿಸಿದ್ದು ಶೇ. 48ನ್ನು ಮಾತ್ರ. ಅಂದರೆ ಅರ್ಧಕ್ಕೂ ಹೆಚ್ಚು ತಪ್ಪಿಹೋಗಿದ್ದವು. ಆದರೆ ಎಂ.ಆರ್.ಐ. ಸಂಶಯಪಟ್ಟ ಎಲ್ಲ ಕಡೆಯೂ ಕ್ಯಾನ್ಸರ್ ಇರಲಿಲ್ಲ ಎಂಬುದನ್ನೂ ಇದೇ ಅಧ್ಯಯನ ದಾಖಲಿಸಿದೆ.

ಮರುವರ್ಷ, 2018ರಲ್ಲಿ, 11 ದೇಶಗಳ 500 ಪುರುಷರನ್ನೊಳಗೊಂಡ ಪ್ರಿಸಿಷನ್ ಅಧ್ಯಯನ ಹೊರಬಂದಿತು. ಇದರಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಎಂ.ಆರ್.ಐ. ಮಾಡಿ, ಸಂಶಯವಿದ್ದಲ್ಲಿ ಮಾತ್ರ ಆ ಜಾಗದಿಂದ ತುಣುಕು ತೆಗೆಯಲಾಯಿತು. ಉಳಿದವರಿಗೆ ಹಳೆಯ ಕ್ರಮವನ್ನು ಅನುಸರಿಸಲಾಯಿತು. ಅಪಾಯಕಾರಿ ಕ್ಯಾನ್ಸರ್ ಪತ್ತೆಯಾದದ್ದು ಎಂ.ಆರ್.ಐ. ಗುಂಪಿನಲ್ಲಿ ಶೇ. 38, ಇನ್ನೊಂದರಲ್ಲಿ ಶೇ. 26. ಚಿಕಿತ್ಸೆ ಬೇಕಿಲ್ಲದ ನಿಧಾನಗತಿಯ ಕ್ಯಾನ್ಸರ್ ಅನುಕ್ರಮವಾಗಿ ಶೇ. 9 ಮತ್ತು ಶೇ. 22. ಎಂ.ಆರ್.ಐ. ಗುಂಪಿನ ಶೇ. 28ರಷ್ಟು ಮಂದಿಗೆ ಸೂಜಿಯೇ ಬೇಕಾಗಲಿಲ್ಲ. ಸೂಜಿ ಬೇಕಾದವರಲ್ಲಿಯೂ ಸಾಮಾನ್ಯವಾಗಿ ಹನ್ನೆರಡರ ಬದಲು ನಾಲ್ಕು ತುಣುಕುಗಳು ಸಾಕಾದವು. ಮೇಲೆ ಹೇಳಿದ ಎರಡೂ ಬಗೆಯ ಹಾನಿಗಳು ಏಕಕಾಲಕ್ಕೆ ಕಡಿಮೆಯಾದದ್ದು ಈ ಅಧ್ಯಯನದ ಮಹತ್ವ. ವೈದ್ಯಕೀಯದಲ್ಲಿ ಹೀಗಾಗುವುದು ವಿರಳ. ಸಾಮಾನ್ಯವಾಗಿ ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. 2019ರಲ್ಲಿ ಯೂರೋಪಿನ ಮೂತ್ರರೋಗ ತಜ್ಞರ ಸಂಘ ಹಾಗೂ ಬ್ರಿಟನ್ನಿನ ನೈಸ್ ಸಂಸ್ಥೆಗಳು ಬಯಾಪ್ಸಿಗೆ ಮುನ್ನವೇ ಎಂ.ಆರ್.ಐ. ಮಾಡಬೇಕೆಂದು ತಮ್ಮ ಮಾರ್ಗಸೂಚಿಗಳಲ್ಲಿ ಸೇರಿಸಿಕೊಂಡವು.

ಹಾಗಿದ್ದರೆ ಹಳೆಯ ಹನ್ನೆರಡು ತುಣುಕುಗಳನ್ನು ಸಂಪೂರ್ಣ ಕೈಬಿಡಬಹುದೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 2,103 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಕೆಯ ಉತ್ತರ ನೀಡುತ್ತದೆ. ಮುಂದೆ ಗ್ರಂಥಿಯನ್ನೇ ತೆಗೆಸಿಕೊಂಡ 404 ಮಂದಿಯಲ್ಲಿ, ಬಯಾಪ್ಸಿ ಹೇಳಿದ್ದಕ್ಕಿಂತ ಕ್ಯಾನ್ಸರ್ ಗಣನೀಯವಾಗಿ ಉಗ್ರವೆಂದು ತಿಳಿದುಬಂದದ್ದು ಹಳೆಯ ವಿಧಾನದಲ್ಲಿ ಶೇ. 16.8, ಗುರಿಯಿಟ್ಟ ವಿಧಾನದಲ್ಲಿ ಶೇ. 8.7, ಎರಡನ್ನೂ ಸೇರಿಸಿದಾಗ ಶೇ. 3.5. ಈ ಕಾರಣದಿಂದ ಅನೇಕ ಆಸ್ಪತ್ರೆಗಳಲ್ಲಿ ಗುರಿಯಿಟ್ಟ ತುಣುಕುಗಳ ಜೊತೆಗೆ ಗಡ್ಡೆಯ ಸುತ್ತಲಿನ ಅಥವಾ ಉಳಿದ ಭಾಗಗಳ ತುಣುಕುಗಳನ್ನೂ ತೆಗೆಯಲಾಗುತ್ತದೆ. ತುಣುಕುಗಳ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಹಳೆಯ ಪದ್ಧತಿಯನ್ನೇ ಅನುಸರಿಸಲಾಗಿದೆ ಎಂದು ರೋಗಿಗಳು ಭಾವಿಸಬೇಕಾಗಿಲ್ಲ.

ಸೂಜಿಯನ್ನು ಗುರಿಗೆ ಒಯ್ಯುವ ಬಗೆ

ಇದಕ್ಕೆ ಮೂರು ಮಾರ್ಗಗಳಿವೆ. ಎಂ.ಆರ್.ಐ. ಚಿತ್ರವನ್ನು ನೋಡಿ ಮನಸ್ಸಿನಲ್ಲಿ ಜಾಗವನ್ನು ಗುರುತಿಟ್ಟುಕೊಂಡು, ಅಲ್ಟ್ರಾಸೌಂಡ್ ಪರದೆಯ ಮೇಲೆ ಅಂದಾಜಿನಿಂದ ಅಲ್ಲಿಗೆ ಸೂಜಿ ಒಯ್ಯುವುದು ಮೊದಲನೆಯದು. ಇದಕ್ಕೆ ಹೆಚ್ಚುವರಿ ಯಂತ್ರ ಬೇಕಿಲ್ಲ. ನುರಿತ ಕೈ ಬೇಕು. ಎರಡನೆಯದರಲ್ಲಿ ಕಂಪ್ಯೂಟರ್ ತಂತ್ರಾಂಶವು ಎಂ.ಆರ್.ಐ. ಚಿತ್ರವನ್ನು ಅಲ್ಟ್ರಾಸೌಂಡಿನ ನೇರ ಚಿತ್ರದ ಮೇಲೆ ಹೊಂದಿಸಿ ತೋರಿಸುತ್ತದೆ. ಇದನ್ನು ಫ್ಯೂಷನ್ ಬಯಾಪ್ಸಿ ಎನ್ನಲಾಗುತ್ತದೆ. ಮೂರನೆಯದು ರೋಗಿಯು ಎಂ.ಆರ್.ಐ. ಯಂತ್ರದೊಳಗೇ ಇರುವಾಗ ಕಾಂತಕ್ಕೆ ಅಂಟದ ವಿಶೇಷ ಸೂಜಿಯಿಂದ ತುಣುಕು ತೆಗೆಯುವುದು. ಇದು ಕೆಲವೇ ಕೇಂದ್ರಗಳಲ್ಲಿ ಲಭ್ಯ, ಸಮಯವೂ ಹೆಚ್ಚು. ಈ ಮೂರನ್ನೂ ಹೋಲಿಸಿ ನೆದರ್ಲೆಂಡ್ಸಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಫ್ಯೂಚರ್ ಅಧ್ಯಯನದಲ್ಲಿ ಅಪಾಯಕಾರಿ ಕ್ಯಾನ್ಸರ್ ಪತ್ತೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದುದರಿಂದ ಫ್ಯೂಷನ್ ಯಂತ್ರವಿಲ್ಲವೆಂಬ ಒಂದೇ ಕಾರಣಕ್ಕೆ ದೂರದ ಊರಿಗೆ ಅಲೆಯುವುದಕ್ಕಿಂತ, ಇಂತಹ ಬಯಾಪ್ಸಿಗಳನ್ನು ನಿಯಮಿತವಾಗಿ ಮಾಡುವ ವೈದ್ಯರು ಎಲ್ಲಿದ್ದಾರೆಂದು ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ.

ಸೂಜಿ ಒಳಹೋಗುವ ದಾರಿಯೂ ಮುಖ್ಯ. ಗುದನಾಳದ ಗೋಡೆಯ ಮೂಲಕ ಹೋದರೆ ಅಲ್ಲಿನ ರೋಗಾಣುಗಳು ಗ್ರಂಥಿಗೂ ರಕ್ತಕ್ಕೂ ಸೇರಿ ತೀವ್ರ ಸೋಂಕಾಗುವ ಸಾಧ್ಯತೆಯಿದೆ. ವೃಷಣಗಳ ಹಿಂದಿನ, ಗುದದ್ವಾರದ ಮುಂದಿನ ಚರ್ಮದ ಮೂಲಕ ಹೋದರೆ ಈ ಅಪಾಯ ತಗ್ಗುತ್ತದೆ, ಗ್ರಂಥಿಯ ಮುಂಭಾಗವನ್ನು ತಲುಪುವುದೂ ಸುಲಭ. ಬ್ರಿಟನ್ನಿನ ಟ್ರಾನ್ಸ್‌ಲೇಟ್ ಅಧ್ಯಯನದಲ್ಲಿ (2025) ಅಪಾಯಕಾರಿ ಕ್ಯಾನ್ಸರ್ ಚರ್ಮದ ದಾರಿಯಲ್ಲಿ ಶೇ. 60, ಗುದನಾಳದ ದಾರಿಯಲ್ಲಿ ಶೇ. 54 ಮಂದಿಯಲ್ಲಿ ಪತ್ತೆಯಾಯಿತು. ಸಾಮಾನ್ಯ ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ರೋಗಾಣುಗಳು ಭಾರತದಲ್ಲಿ ವ್ಯಾಪಕವಾಗಿರುವುದರಿಂದ ಸೋಂಕಿನ ವಿಷಯವನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಯಾವ ದಾರಿಯಿಂದ ಮಾಡಲಾಗುವುದೆಂದು ಕೇಳಿ ತಿಳಿಯುವ ಹಕ್ಕು ರೋಗಿಗೆ ಇದೆ.

ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ

ಅಂಕ 1 ಅಥವಾ 2 ಬಂದವರಿಗೆ ಬಯಾಪ್ಸಿಯನ್ನು ಬಿಡಬಹುದೇ ಎಂಬುದನ್ನು ಸ್ಕ್ಯಾನ್ ಒಂದರಿಂದಲೇ ನಿರ್ಧರಿಸುವಂತಿಲ್ಲ. ಇಲ್ಲಿ ಒಂದು ಸರಳ ಲೆಕ್ಕ ನೆರವಾಗುತ್ತದೆ. ಪಿ.ಎಸ್.ಎ. ಸಂಖ್ಯೆಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಬೇಕು. ಪಿ.ಎಸ್.ಎ. 6, ಗ್ರಂಥಿಯ ಗಾತ್ರ 60 ಮಿಲಿಲೀಟರ್ ಆಗಿದ್ದರೆ ಉತ್ತರ 0.10, ದೊಡ್ಡ ಗ್ರಂಥಿಯೇ ಆ ಪ್ರಮಾಣಕ್ಕೆ ಕಾರಣವಿರಬಹುದು. ಅದೇ 6, ಗಾತ್ರ 30 ಮಿಲಿಲೀಟರ್ ಆಗಿದ್ದರೆ ಉತ್ತರ 0.20. ಸಾಮಾನ್ಯವಾಗಿ 0.15ಕ್ಕಿಂತ ಮೇಲಿದ್ದರೆ ಹೆಚ್ಚಿನ ಎಚ್ಚರ ಬೇಕೆಂದು ಪರಿಗಣಿಸಲಾಗುತ್ತದೆ. ಗ್ರಂಥಿಯ ಗಾತ್ರ ಎಂ.ಆರ್.ಐ. ವರದಿಯಲ್ಲಿಯೇ ನಮೂದಾಗಿರುತ್ತದೆ. ಇದರ ಜೊತೆಗೆ, ತಂದೆ ಅಥವಾ ಅಣ್ಣತಮ್ಮಂದಿರಿಗೆ ಈ ಕ್ಯಾನ್ಸರ್ ಬಂದಿದೆಯೇ, ವೈದ್ಯರ ಬೆರಳಿನ ಪರೀಕ್ಷೆಯಲ್ಲಿ ಗಟ್ಟಿ ಗಂಟು ಸಿಕ್ಕಿದೆಯೇ ಎಂಬುದನ್ನೂ ನೋಡಲಾಗುತ್ತದೆ. ಬಯಾಪ್ಸಿ ಬೇಡವೆಂದು ತೀರ್ಮಾನವಾದರೂ ಪಿ.ಎಸ್.ಎ. ಪರೀಕ್ಷೆಯನ್ನು ವೈದ್ಯರು ತಿಳಿಸಿದ ಅವಧಿಗೆ ಮರಳಿ ಮಾಡಿಸತಕ್ಕದ್ದು. ಅಪಾಯಕಾರಿ ಕ್ಯಾನ್ಸರ್ ಇದ್ದೂ ಸ್ಕ್ಯಾನಿನಲ್ಲಿ ಕಾಣದ ಪ್ರಕರಣಗಳು ಕಡಿಮೆಯಾದರೂ ಇಲ್ಲದಿಲ್ಲ.

ಎಂ.ಆರ್.ಐ. ಎಲ್ಲರಿಗೂ ಅನಿವಾರ್ಯವೂ ಅಲ್ಲ. ಪಿ.ಎಸ್.ಎ. ನೂರಾರು ಸಂಖ್ಯೆಗೆ ಏರಿ, ಬೆನ್ನು ಮೂಳೆಗೆ ರೋಗ ಹರಡಿದ ಲಕ್ಷಣಗಳೊಂದಿಗೆ ಬಂದವರಲ್ಲಿ ಗಡ್ಡೆ ಎಲ್ಲಿದೆಯೆಂದು ಹುಡುಕುವ ಅಗತ್ಯವಿರುವುದಿಲ್ಲ. ಅಂಥವರಿಗೆ ಕೆಲವೇ ತುಣುಕುಗಳ ನೇರ ಬಯಾಪ್ಸಿ ಸಾಕು. ಸ್ಕ್ಯಾನಿನ ಸರದಿಗಾಗಿ ಕಾಯುತ್ತ ಚಿಕಿತ್ಸೆ ತಡಮಾಡುವುದೇ ಹಾನಿಕರ.

ಸ್ಕ್ಯಾನ್ ಮತ್ತು ಬಯಾಪ್ಸಿಗೆ ಸಿದ್ಧತೆ

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಕಿವಿಯೊಳಗೆ ಯಂತ್ರ ಇರುವವರು, ಕಣ್ಣಿನಲ್ಲಿ ಅಥವಾ ದೇಹದಲ್ಲಿ ಲೋಹದ ಚೂರು ಸೇರಿರುವವರು, ವಿಶೇಷವಾಗಿ ವೆಲ್ಡಿಂಗ್ ಮತ್ತು ಲೇತ್ ಕೆಲಸದವರು, ಸ್ಕ್ಯಾನಿಗೆ ಮೊದಲೇ ತಿಳಿಸತಕ್ಕದ್ದು. ಉಡಿದಾರದಲ್ಲಿನ ಬೆಳ್ಳಿ, ತಾಯಿತ, ಉಂಗುರಗಳನ್ನು ಮನೆಯಲ್ಲಿಯೇ ತೆಗೆದಿರಿಸಿ ಬರುವುದು ಒಳಿತು. ಮೂತ್ರಪಿಂಡದ ತೊಂದರೆ ಇರುವವರಿಗೆ ಗ್ಯಾಡೋಲಿನಿಯಂ ನೀಡುವ ಬಗ್ಗೆ ವೈದ್ಯರು ಪ್ರತ್ಯೇಕವಾಗಿ ತೀರ್ಮಾನಿಸುತ್ತಾರೆ. ಯಂತ್ರದೊಳಗೆ ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕಾಗುತ್ತದೆ. ಶಬ್ದ ಜೋರಾಗಿರುತ್ತದೆ, ನೋವಿರುವುದಿಲ್ಲ. ಈಗಾಗಲೇ ಬಯಾಪ್ಸಿ ಆಗಿದ್ದಲ್ಲಿ ಗ್ರಂಥಿಯೊಳಗೆ ಹೆಪ್ಪುಗಟ್ಟಿದ ರಕ್ತವು ಚಿತ್ರವನ್ನು ಮಸುಕಾಗಿಸುವುದರಿಂದ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯಬೇಕಾಗುತ್ತದೆ. ಸ್ಕ್ಯಾನ್ ಮೊದಲು ಎನ್ನಲು ಇದೂ ಒಂದು ಕಾರಣ.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು ಬಯಾಪ್ಸಿಗೆ ಮೊದಲು ಅದನ್ನು ತಾವಾಗಿಯೇ ನಿಲ್ಲಿಸಕೂಡದು. ಹೃದ್ರೋಗ ವೈದ್ಯರ ಸಲಹೆ ಪಡೆಯತಕ್ಕದ್ದು. ಬಯಾಪ್ಸಿಯನ್ನು ಬಹುತೇಕ ಸ್ಥಳೀಯ ಅರಿವಳಿಕೆಯಲ್ಲಿ ಮಾಡಿ, ಅದೇ ದಿನ ಮನೆಗೆ ಕಳುಹಿಸಲಾಗುತ್ತದೆ. ನಂತರ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಾಣುವುದು ಸಾಮಾನ್ಯ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅಥವಾ ಹೆಪ್ಪುಗಟ್ಟಿದ ರಕ್ತ ಹೋದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಬರತಕ್ಕದ್ದು. ಸ್ಥಳೀಯ ಔಷಧದಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿ ದಿನ ದೂಡುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು.

ಸೇವೆ ಕೋರುವವರ ಗಮನಕ್ಕೆ

ಕರ್ನಾಟಕದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಅವಕಾಶ ಕಲ್ಪಿಸಲಾಗಿದೆ. ಆದರೆ ಚಿಕಿತ್ಸೆ ಬೇರೆ, ರೋಗನಿರ್ಣಯದ ಹಂತದ ಪರೀಕ್ಷೆ ಬೇರೆ. ಎಂ.ಆರ್.ಐ. ಮತ್ತು ಬಯಾಪ್ಸಿಗಳ ವೆಚ್ಚ ಯೋಜನೆಯಲ್ಲಿ ಸೇರುತ್ತದೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ಪಡಿತರ ಚೀಟಿ, ಆಧಾರ್, ಸರ್ಕಾರಿ ವೈದ್ಯರ ಶಿಫಾರಸು ಪತ್ರ, ಹಿಂದಿನ ಎಲ್ಲ ಪಿ.ಎಸ್.ಎ. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ತಂದಲ್ಲಿ ಒಂದು ಓಡಾಟ ಉಳಿಯುತ್ತದೆ.

ಸ್ಕ್ಯಾನ್ ಒಂದು ಕಡೆ, ಬಯಾಪ್ಸಿ ಇನ್ನೊಂದು ಕಡೆ ನಡೆಯುವುದಾದರೆ ಮುದ್ರಿತ ವರದಿಯಷ್ಟೇ ಸಾಲದು. ಎಂ.ಆರ್.ಐ. ಚಿತ್ರಗಳಿರುವ ಸಿ.ಡಿ.ಯನ್ನು ಕೇಳಿ ಪಡೆಯತಕ್ಕದ್ದು. ಚಿತ್ರವಿಲ್ಲದೆ ಸೂಜಿಗೆ ಗುರಿಯಿರುವುದಿಲ್ಲ. ಅಂತೆಯೇ ಬಯಾಪ್ಸಿಯ ನಂತರ ಪೆಥಾಲಜಿ ವಿಭಾಗದಲ್ಲಿ ತುಣುಕುಗಳ ಮೇಣದ ಅಚ್ಚು ಹಾಗೂ ಗಾಜಿನ ಪಟ್ಟಿಗಳನ್ನು ಕಾದಿರಿಸಲಾಗಿರುತ್ತದೆ. ವರದಿಯಲ್ಲಿ ಕ್ಯಾನ್ಸರಿನ ಉಗ್ರತೆಯನ್ನು 1ರಿಂದ 5ರವರೆಗಿನ ದರ್ಜೆಯಲ್ಲಿ ನಮೂದಿಸಲಾಗುತ್ತದೆ. ಇದು ಸ್ಕ್ಯಾನಿನ ಅಂಕಕ್ಕಿಂತ ಬೇರೆ. ದರ್ಜೆ 1 ಬಂದವರಲ್ಲಿ ಹೆಚ್ಚಿನವರಿಗೆ ತಕ್ಷಣದ ಚಿಕಿತ್ಸೆಯ ಬದಲು ನಿಯಮಿತ ತಪಾಸಣೆಯೊಂದಿಗೆ ಕಾಯ್ದು ನೋಡುವ ಸಲಹೆ ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಎರಡನೆಯ ಅಭಿಪ್ರಾಯ ಪಡೆಯಲಿಚ್ಛಿಸುವವರು ಸದರಿ ಅಚ್ಚು ಮತ್ತು ಪಟ್ಟಿಗಳನ್ನು ಲಿಖಿತ ಮನವಿ ಸಲ್ಲಿಸಿ ಕೋರಬಹುದು. ಇದಕ್ಕಾಗಿ ಎರಡನೆಯ ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ.